ಕೆರೆ ಉಳ್ಸಿ ಅಂತ ಬೋರ್ಡ್ ಹಿಡಿಯೋನು ಯೆಜ್ಡಿ ಓಡಿಸ್ಬೋದಾ?

ಯೆಜ್ಡಿ_ಮೈಸೂರು:

ಎಲ್ರಿಗೂ ನಮಸ್ಕಾರ. ಸುಮಾರ್ ದಿನದಿಂದ ಸುಮ್ನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದ್ಲು. ಉದ್ದ ಆಯ್ತು ಅಂತ ಬೈಕೋಬೇಡಿ.

ನನ್ ಹತ್ರ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ, ನಮ್ ದೊಡ್ಡಪ್ಪಂದು. ಅವ್ರು ಇಲ್ಲೇ ಯಾದವಗಿರಿ ಫ್ಯಾಕ್ಟರೀಲಿ ಇದ್ರು, ಪಕ್ಕಾ ಯೂನಿಯನ್ ಮನುಷ್ಯ, ಮೇ ಒಂದನೇ ತಾರೀಖು ಹ್ಯಾಂಡಲ್‌ಗೆ ಕೆಂಪು ಬಾವುಟ ಕಟ್ಕೊಂಡು ಮೆರವಣಿಗೆಗೆ ಹೋಗೋರು, ನಾನು ಟ್ಯಾಂಕ್ ಮೇಲೆ ಕೂತಿರ್ತಿದ್ದೆ. 1961ರಲ್ಲಿ ಜಾವಾ ಅಂತ ಶುರುವಾದ ಫ್ಯಾಕ್ಟರಿ 1996ಕ್ಕೆ ನಿಂತೋಯ್ತು. ಒಂದ್ ಕಡೆ ನೂರು ಸಿಸಿ ಫೋರ್ ಸ್ಟ್ರೋಕ್ ಗಾಡಿಗಳ ಮೈಲೇಜು, ಇನ್ನೊಂದ್ ಕಡೆ ಹೊಗೆ ರೂಲ್ಸು, 1991ರಲ್ಲಿ ಬಂದಿದ್ದು 96ರಲ್ಲಿ ಇನ್ನೂ ಬಿಗಿ ಆಯ್ತು. ದೊಡ್ಡಪ್ಪ ಸಾಯೋವರ್ಗೂ ಆ ರೂಲ್ಸ್ ಮಾಡಿದೋರಿಗೆ ಬೈತಿದ್ರು, ಅದೇ ಬಾಯಲ್ಲಿ ಎಲ್ಲಾನೂ ಸರ್ಕಾರನೇ ನಡೆಸ್ಬೇಕು ಅಂತಾನೂ ಹೇಳ್ತಿದ್ರು. ಆವಾಗ ನಂಗೆ ನಗು ಬರ್ತಿತ್ತು. ಈಗ ನಂದೂ ಅದೇ ಕಥೆ.

ಯಾಕಂದ್ರೆ ನಾನು ಕೆರೆ ಉಳ್ಸೋ ಗುಂಪಲ್ಲಿದೀನಿ. ಮರ ಕಡಿಯೋಕೆ ಬಂದಾಗ ಅಡ್ಡ ನಿಂತಿದೀನಿ, ಬಸ್ ಜಾಸ್ತಿ ಬಿಡಿ ಅಂತ ಅರ್ಜಿ ಕೊಟ್ಟಿದೀನಿ, ಓಟು ಹಾಕೋವಾಗ್ಲೂ ಇದನ್ನೇ ನೋಡ್ತೀನಿ. ಇಷ್ಟೆಲ್ಲಾ ಮಾಡಿ ಭಾನುವಾರ ಬೆಳಗ್ಗೆ ಆರಕ್ಕೆ ಎದ್ದು ಯೆಜ್ಡಿ ಕಿಕ್ ಹೊಡೀತೀನಿ. ಅದು ಟೂ ಸ್ಟ್ರೋಕ್ ಎಂಜಿನ್, ಗೊತ್ತಿರೋರಿಗೆ ಹೇಳೋದೇ ಬೇಡ, ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುತ್ತೆ, ಒಳಗೆ ಬಂದ ಪೆಟ್ರೋಲಲ್ಲೂ ಒಂದಷ್ಟು ಉರೀದೇನೇ ಸೈಲೆನ್ಸರಿಂದ ಆಚೆ ಹೋಗುತ್ತೆ. ಪಕ್ಕದ್ಮನೆ ಮಗೂಗೆ ವೀಸಿಂಗ್ ಇದೆ. ಅವ್ರಮ್ಮ ಏನೂ ಅನ್ನಲ್ಲ, ಕಿಟಕಿ ಹಾಕ್ಕೊತಾರೆ ಅಷ್ಟೆ. ಆ ಕಿಟಕಿ ಸದ್ದು ಮಾತ್ರ ಅಷ್ಟು ಶಬ್ದದಲ್ಲೂ ನಂಗೆ ಕೇಳುತ್ತೆ.

ಈಗ ಯಾಕೆ ಬರೀತಿದೀನಿ ಅಂದ್ರೆ, 2025ರ ಜುಲೈ ಒಂದರಿಂದ ದೆಹಲೀಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಬಂಕಲ್ಲಿ ಪೆಟ್ರೋಲ್ ಡೀಸೆಲ್ ಹಾಕ್ಬಾರ್ದು ಅಂತ ತಂದ್ರಲ್ಲ, ಜನ ಗಲಾಟೆ ಮಾಡಿದ್ಮೇಲೆ ಕೆಲವೇ ದಿನಕ್ಕೆ ಅದು ನಿಂತೋಯ್ತು ನೋಡಿ, ಆವಾಗ ನಮ್ ಹಳೇ ಗಾಡಿ ಗ್ರೂಪಲ್ಲಿ ಒಂದ್ ಮಾತು ಹಾಕ್ದೆ. ವಯಸ್ಸು ನೋಡೋದು ತಪ್ಪು, ಹೊಗೆ ಅಳೀಲಿ, ಆದ್ರೆ ದೆಹಲಿ ಗಾಳಿಗೆ ಏನಾದ್ರೂ ಮಾಡ್ಲೇಬೇಕಲ್ವಾ ಅಂತ. ಅರ್ಧ ಗಂಟೇಲಿ ನಾನು ಅರ್ಬನ್ ನಕ್ಸಲ್ ಆಗೋದೆ. ಆ ಕಡೆ ಕೆರೆ ಗುಂಪಲ್ಲಿ ಯಾರೋ ನನ್ ಗಾಡಿ ಫೋಟೊ ನೋಡಿ, ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸಾರ್ ಅಂದ್ರು. ಈಗ ಎರಡೂ ಗ್ರೂಪಲ್ಲಿ ಬರೀ ಗುಡ್ ಮಾರ್ನಿಂಗ್ ಹಾಕ್ತಿದೀನಿ.

ಪ್ರಶ್ನೆ ಇಷ್ಟೆ. ಗಾಡಿ ಹುಚ್ಚು ಇರೋರಿಗೆ ರೂಲ್ಸ್ ಅಂದ್ರೆ ಆಗ್ಬಾರ್ದು ಅಂತ ಏನಾದ್ರೂ ಇದ್ಯಾ? ನಿಮ್ಮಲ್ಲಿ ಯಾರಿಗಾದ್ರೂ ಓಟು ಹಾಕೋ ಕೈ ಒಂದು, ಆಕ್ಸಿಲರೇಟರ್ ತಿರುವೋ ಕೈ ಒಂದು ಅನ್ಸಿದ್ಯಾ? ಪಕ್ಷಗಳ ಹೆಸ್ರು ಎಳ್ಕೊಂಡು ಜಗಳ ಆಡ್ಬೇಡಿ ಪ್ಲೀಸ್, ಅದಕ್ಕೆ ಬೇರೆ ಜಾಗ ಇದೆ.

*

ವಿ8_ಕನಸು, ಬೆಂಗಳೂರು:

ಗುರು ನಿನ್ ಬರಹ ಚೆನ್ನಾಗಿದೆ ಆದ್ರೆ ಉತ್ತರ ಸಿಂಪಲ್. ಗಾಡಿ ಪ್ರೀತಿ ಮಾಡೋನು ರೂಲ್ಸ್ ಪರ ಇರೋಕಾಗಲ್ಲ, ಇದ್ರೆ ಎರಡ್ರಲ್ಲಿ ಒಂದು ನಾಟಕ.

ನಮ್ ದೇಶದಲ್ಲಿ ಕಾರು ಡಿಸೈನ್ ಮಾಡೋದು ಎಂಜಿನಿಯರಲ್ಲ, ಟ್ಯಾಕ್ಸ್ ಪುಸ್ತಕ. 2006ರ ಬಜೆಟಲ್ಲಿ 4 ಮೀಟರ್ ಒಳಗಿದ್ರೆ, ಪೆಟ್ರೋಲ್ 1200 ಸಿಸಿ ಡೀಸೆಲ್ 1500 ಸಿಸಿ ಒಳಗಿದ್ರೆ ತೆರಿಗೆ ಕಮ್ಮಿ ಅಂದ್ರು. ಆಮೇಲ್ ನೋಡು, ಮಾರುತಿ ಡಿಜೈರ್ ಕಾರು 2008ರಲ್ಲಿ ಬಂದಾಗ ನೆಟ್ಟಗೆ ಉದ್ದ ಇತ್ತು, 2012ರಲ್ಲಿ ಡಿಕ್ಕಿ ಕತ್ತರಿಸಿ 4 ಮೀಟರ್‌ಗೆ ತುರುಕಿದ್ರು. ಅದಾದ್ಮೇಲೆ ಇಡೀ ಊರಿನ ಕಾರುಗಳಿಗೆ ಹಿಂದೆ ಏಟು ಬಿದ್ದಂಗೆ ಬೆನ್ನು. 2025ರ ಸೆಪ್ಟೆಂಬರ್ 22ರಿಂದ ಹೊಸ ಜಿಎಸ್‌ಟಿ ಬಂತು, ಚಿಕ್ಕದಕ್ಕೆ 18% ದೊಡ್ಡದಕ್ಕೆ 40%, ಗೆರೆ ಮಾತ್ರ ಅದೇ 4 ಮೀಟರ್. ಬೈಕಲ್ಲೂ 350 ಸಿಸಿ ದಾಟಿದ್ರೆ 40%. ಒಂದು ಸಿಸಿ ಜಾಸ್ತಿ ಆದ್ರೆ ನೀನು ಪಾಪಿ.

ಇದರ ಮೇಲೆ ನಮ್ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸು. 10 ಲಕ್ಷ ದಾಟಿದ್ರೆ 17%, 20 ದಾಟಿದ್ರೆ 18%, ಅದರ ಮೇಲೆ ಸೆಸ್ಸು. ಕೊಟ್ಟಾದ್ಮೇಲೆ ಬಂದು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತ್ಕೊ.

ಇನ್ನು ಮಾಡಿಫಿಕೇಷನ್. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಕಂಪನಿ ಹೇಗ್ ಕೊಟ್ಟಿದ್ಯೋ ಹಾಗೇ ಇರ್ಬೇಕು, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದೇ ಅಂತು. ಅದೇ ವರ್ಷ ಕಾಯ್ದೆ ತಿದ್ದಿ ಒಂದೊಂದ್ ಬದಲಾವಣೆಗೂ 5,000 ದಂಡ ಇಲ್ಲಾ ಆರು ತಿಂಗಳವರ್ಗೂ ಜೈಲು ಅಂತ ಸೇರಿಸಿದ್ರು. ನನ್ ದುಡ್ಡು, ನನ್ ಗಾಡಿ, ನಾನ್ ಜೈಲಿಗೆ. ನೀನು ಓಟು ಹಾಕೋವಾಗ ಯಾರು ಸರ್ಕಾರನ ಚಿಕ್ಕದು ಮಾಡ್ತಾರೋ ಅವ್ರಿಗ್ ಹಾಕು, ಅಷ್ಟೆ.

*

ಗ್ಯಾರೇಜ್_ಹುಬ್ಬಳ್ಳಿ:

ನಮಸ್ಕಾರ ರೀ. ನಾ 22 ವರ್ಷದಿಂದ ಗ್ಯಾರೇಜ್ ನಡಸಾಕತ್ತೀನಿ. ರಾಜಕೀಯ ನನಗ ಭಾಳ ತಿಳಿಯಂಗಿಲ್ಲ ಆದ್ರ ಯಾವ ಪಕ್ಷದಾಂವ ಏನ್ ಕೇಳ್ಕೋತ ಬರ್ತಾನ ಅನ್ನೂದು ಚೊಲೋ ಗೊತ್ತೈತಿ. ಹಿಂದಿನ ಗ್ಲಾಸಿಗೆ ಒಬ್ಬಂದು ಈ ಪಕ್ಷದ ಸ್ಟಿಕ್ಕರ್, ಇನ್ನೊಬ್ಬಂದು ಆ ಪಕ್ಷದ್ದು, ಮತ್ತೊಬ್ಬಂದು ಹಸಿರು ಶಾಲು ಡ್ಯಾಶ್‌ಬೋರ್ಡ್ ಮ್ಯಾಲೆ ಇರ್ತೈತಿ. ಬಾನೆಟ್ ಎತ್ತಿದ ಮ್ಯಾಲೆ ಮೂರೂ ಮಂದಿ ಕೇಳೂದು ಒಂದ. ಅಣ್ಣಾ, ಆ ಡಿಪಿಎಫ್ ತಗದು ಒಗೀರಿ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಬಿಎಸ್6 ಅಂದ್ರ ಹೊಸಾ ಹೊಗಿ ರೂಲ್ಸಿನ ಡೀಸೆಲ್ ಗಾಡ್ಯಾಗ ಸೈಲೆನ್ಸರ್ ದಾರ್ಯಾಗ ಡಿಪಿಎಫ್ ಅಂತ ಒಂದು ಜರಡಿ ಇರ್ತೈತ್ರಿ, ಮಸಿ ಹಿಡಿಯೂದು ಅದರ ಕೆಲ್ಸ. ಹಿಡಿದ ಮಸಿ ಸುಟ್ಟು ಹೋಗಬೇಕಂದ್ರ ಗಾಡಿ ಛಲೋತ್ನ್ಯಾಗ ಕಾಯಬೇಕು, ಹೈವೇದಾಗ ಒಂದಿಷ್ಟು ಹೊತ್ತು ಓಡಬೇಕು. ಇವ್ರು ಮನಿಯಿಂದ ಅಂಗಡಿ, ಅಂಗಡಿಯಿಂದ ಮನಿ, ದಿನಾ ಮೂರು ಕಿಲೋಮೀಟರ್. ಜರಡಿ ತುಂಬತೈತಿ, ಲೈಟ್ ಹತ್ತತೈತಿ, ಆಮ್ಯಾಲೆ ಸರಕಾರಕ್ಕ ಬೈಗುಳ. ನಾ ಅಂತೀನಿ, ಯಪ್ಪಾ ನಿನಗ ಡೀಸೆಲ್ ತಗೋ ಅಂದಾವ್ರು ಯಾರು?

ಮೊದಲ ನಾನೂ ಒಂದೆರಡು ತಗದು ಕೊಟ್ಟೀನಿ, ಸುಳ್ಳ್ಯಾಕ ಹೇಳ್ಲಿ. ಈಗ ಮಾಡಂಗಿಲ್ಲ. ಯಾಕಂದ್ರ ನಾ ಕೆಲಸ ಕಲಿಯೂ ಕಾಲಕ್ಕ ಸಂಜಿಕ್ಕ ಮೂಗು ಸೀನಿದ್ರ ಕರ್ರಗ ಬರ್ತಿತ್ತು, ನಮ್ಮ ಉಸ್ತಾದ್ ರಾತ್ರಿ ಎಲ್ಲಾ ಕೆಮ್ಮಾಂವ. ಬಿಎಸ್4 ಡೀಸೆಲ್ನ್ಯಾಗ ಗಂಧಕ 50 ಪಿಪಿಎಂ ಇತ್ತು, 2020ರ ಏಪ್ರಿಲ್ ಒಂದಕ್ಕ ಬಿಎಸ್6 ಬಂದ ಮ್ಯಾಲೆ 10ಕ್ಕ ಇಳೀತು. ಆಫೀಸ್‌ನ್ಯಾಗ ಕುಂತವ್ರಿಗೆ ಅದು ಬರೀ ನಂಬರ್. ಸೈಲೆನ್ಸರ್ ಹಿಂದ ಕುಂತು ಬೋಲ್ಟ್ ಬಿಚ್ಚಾಂವಗ ಅದು ನಂಬರ್ ಅಲ್ರಿ. ಈಗ ನನ್ನ ಹುಡುಗೂರ ಮೂಗು ಅಷ್ಟು ಕರ್ರಗ ಇಲ್ಲ.

ಹಂಗಂತ ರೂಲ್ಸ್ ಎಲ್ಲಾ ಸರಿ ಐತಿ ಅನ್ನಂಗಿಲ್ಲ. ಒಂದು ಎಮಿಷನ್ ಟೆಸ್ಟ್ ಸೆಂಟರ್‌ನ್ಯಾಗ ನಾನ ಕಣ್ಣಾರೆ ನೋಡೀನಿ, ಸೈಲೆನ್ಸರಿಗೆ ಪೈಪ್ ಇಡೂದ ಇಲ್ಲ, ನಂಬರ್ ಪ್ಲೇಟ್ ಫೋಟೊ ತಗೊಂಡ್ರು, ಸರ್ಟಿಫಿಕೇಟ್ ಕೊಟ್ರು, ಮುಗೀತು. ಯೆಜ್ಡಿ ಅಣ್ಣಾರು ಹೊಗೆ ಅಳೀರಿ ಅಂದ್ರಲ್ಲ, ಅಳಿಯಾಂವ ಹಿಂಗ ಇದ್ರ ಏನ್ ಅಳೀತೀರಿ? ಅದಕ್ಕ ದಿಲ್ಲಿಯವ್ರು ವಯಸ್ಸು ನೋಡಿ ಬಂದ್ ಮಾಡಾಕ ಹೊಂಟಿದ್ರು. ವಯಸ್ಸಿಗೆ ಲಂಚ ಕೊಡಾಕ ಬರಂಗಿಲ್ಲ ನೋಡ್ರಿ.

*

ಆರೆಕ್ಸ್_ಮದ್ದೂರು:

ಹುಬ್ಬಳ್ಳಿ ಅಣ್ಣ ಯೋಳಿದ್ ಕಡೇ ಮಾತು ಸಕತ್ತಾಗದೆ ಬುಡಿ. ನಂದು ಬ್ಯಾರೆ ಪಿಕಲಾಟ.

ನಮ್ದು ಮದ್ದೂರ್ ಕಡೆ, ಕಬ್ಬು ಬೆಳೆಯೋರು. ನಮ್ಮಪ್ಪ ಹಸಿರು ಶಾಲು ಹಾಕ್ಕಂಡು ರೋಡಲ್ಲಿ ಕುಂತಿರೋ ಮನ್ಸ, ನಾನೂ ಹೋಗಿವ್ನಿ. ನಂತಾವ ಒಂದು 94ನೇ ಇಸ್ವಿ ಯಮಹಾ ಆರೆಕ್ಸ್ ನೂರು ಬೈಕು ಅದೆ. ಅದ್ರ ಬೆಲೆ ಈಗ ಎಷ್ಟು ಅಂತ ನಮ್ಮವ್ವಂಗೆ ಯೋಳಿಲ್ಲ, ಯೋಳುದ್ರೆ ನಾಳೆನೇ ಮಾರು ಅಂತದೆ.

ಈಗ ನೋಡಿ ಇ20. ಪೆಟ್ರೋಲಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್. ಮೊದ್ಲು 2030ಕ್ಕೆ ಅಂತಿದ್ದುದ್ನ 2025ಕ್ಕೆ ಎಳ್ಕಂದ್ರು. ನಮ್ಮಪ್ಪ ಖುಷಿ, ಎಥನಾಲ್ ಮಾಡುದ್ರೆ ಫ್ಯಾಕ್ಟರಿಗೆ ಬ್ಯಾಗ ದುಡ್ಡು ಬತ್ತದೆ, ಫ್ಯಾಕ್ಟರಿಗೆ ಬಂದ್ರೆ ನಮ್ಗೂ ಬಾಕಿ ನಿಲ್ಲಾಕಿಲ್ಲ ಅಂತ. ಸರಿನೇಯ. ಆದ್ರೆ ನನ್ ಆರೆಕ್ಸ್ ಒಂದು ತಿಂಗ್ಳು ನಿಂತಿತ್ತು, ತೆಗುದ್ರೆ ಕಾರ್ಬೊರೇಟರ್ ಬಟ್ಲಲ್ಲಿ ಬೆಳ್ಳಗೆ ಲೋಳೆ, ಪೆಟ್ರೋಲ್ ಪೈಪು ಊದ್ಕಂಡು ಮೆತ್ತಗಾಗೋಗದೆ. ಎಥನಾಲ್ ಗಾಳೀಲಿರೋ ನೀರ್ನ ಯಳ್ಕತದೆ, ಹಳೇ ಗಾಡಿ ರಬ್ಬರು ಅದ್ನ ತಡ್ಕಳಾಕಿಲ್ಲ. ಮೈಲೇಜೂ ಬೀಳ್ತದೆ, ಹಳೇ ಲೆಕ್ಕದ ಕಾರಿಗೆ ನೂರಕ್ಕೆ ಆರೇಳು ಕಮ್ಮಿ ಆಗ್‌ಬೋದು ಅಂತ 2021ರಲ್ಲಿ ನೀತಿ ಆಯೋಗದೋರೇ ಬರ್ದಿದ್ರು. ಇ20 ಬ್ಯಾಡ ಅನ್ನೋರ್ಗೆ ಬೇರೆ ಪೆಟ್ರೋಲು ಇರ್ಲಿ ಅಂತ ಕೇಳ್ದೋರ ಅರ್ಜಿನ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಲ್ಲಿ ವಜಾ ಮಾಡ್ತು.

ಹಂಗಾಗಿ ಮನೇಲಿ ಒಂದೇ ತಟ್ಟೇಲಿ ಎರಡು ಜಗಳ. ಅಪ್ಪ ಅಂತದೆ, ಇಪ್ಪತ್ತಲ್ಲ ನಲವತ್ತು ಬೆರೆಸ್ಲಿ. ನಾನಂತೀನಿ, ಒಂದು ಬಂಕಲ್ಲಾದ್ರೂ ಹಳೇ ಪೆಟ್ರೋಲ್ ಮಡ್ಗ್ಲಿ. ಇನ್ನೊಂದ್ ತಮಾಸೆ ಗೊತ್ತಾ, ಈಗ ಎಥನಾಲಲ್ಲಿ ದೊಡ್ ಪಾಲು ಕಬ್ಬಿಂದಲ್ಲ, ಮೆಕ್ಕೆಜೋಳ ಅಕ್ಕಿ ಅಂತ ಕಾಳಿಂದು. ಅದ್ನ ಯೋಳುದ್ರೆ ಅಪ್ಪ ಟೀವಿ ಸೌಂಡ್ ಜಾಸ್ತಿ ಮಾಡ್ತದೆ.

ಮತ್ತೆ ವಿ8 ಸಾರ್, ರೂಲ್ಸೇ ಬ್ಯಾಡ ಅಂತೀರಲ್ಲ, ಬೆಂಗ್ಳೂರು ಮೈಸೂರು ಹೊಸ ರೋಡು ನಮ್ಮೂರ್ ಪಕ್ಕದಲ್ಲೇ ಹೋಗದೆ. 2023ರ ಆಗಸ್ಟ್ ಒಂದರಿಂದ ಅದ್ರಲ್ಲಿ ಬೈಕು, ಆಟೋ, ಟ್ರ್ಯಾಕ್ಟ್ರು ಹೋಗಂಗಿಲ್ಲ. ಆವತ್ತು ಕಾರ್ ಗ್ರೂಪ್‌ಗಳಲ್ಲಿ ಎಲ್ರೂ ಸೂಪರ್ ಸೂಪರ್ ಅಂದ್ರು, ಸ್ಕ್ರೀನ್‌ಶಾಟ್ ಅದೆ ನಂತಾವ. ಜಮೀನು ಕೊಟ್ಟೋನು ಸರ್ವೀಸ್ ರೋಡಲ್ಲಿ ಹೋಗ್ಬೇಕು. ಆವಾಗ ಸರ್ಕಾರ ದೊಡ್ಡದಾಗಿದ್ದು ಯಾರ್ಗೂ ಕಾಣ್ನಿಲ್ವಾ?

*

ಸ್ಮಾಗ್_ಚೆಕ್_ಫೇಲ್, ಕ್ಯಾಲಿಫೋರ್ನಿಯಾ:

ಜಯನಗರದ ಹುಡುಗ, ಈಗ 14 ವರ್ಷದಿಂದ ಬೇ ಏರಿಯಾದಲ್ಲಿ. ಈ ಜಗಳ ಇಲ್ಲಿ ಅರವತ್ತು ವರ್ಷದಿಂದ ನಡೀತಿದೆ, ಅದಕ್ಕೇ ಬರೀತಿದೀನಿ.

ಇಲ್ಲಿ ಎಲ್ರ ತಲೇಲೂ ಒಂದು ಲೆಕ್ಕ ಇದೆ, ಕಾರ್ ಹುಚ್ಚ ಅಂದ್ರೆ ರಿಪಬ್ಲಿಕನ್, ಹೊಗೆ ರೂಲ್ಸ್ ಅಂದ್ರೆ ಡೆಮಾಕ್ರಾಟ್. ಇವತ್ತಿಗೆ ಅದು ಸುಮಾರು ನಿಜಾನೇ, 2025ರ ಜೂನಲ್ಲಿ ಟ್ರಂಪ್ ಸಹಿ ಹಾಕಿ ಕ್ಯಾಲಿಫೋರ್ನಿಯಾ ತನ್ನದೇ ಬಿಗಿ ಕಾರ್ ರೂಲ್ಸ್ ಮಾಡೋಕೆ ಸಿಕ್ಕಿದ್ದ ಅನುಮತಿಗಳನ್ನ ರದ್ದು ಮಾಡಿದ್ರು. ಆದ್ರೆ ಇತಿಹಾಸ ತೆಗೆದ್ರೆ ತಲೆ ತಿರುಗುತ್ತೆ. ಕ್ಯಾಲಿಫೋರ್ನಿಯಾದ ಏರ್ ರಿಸೋರ್ಸಸ್ ಬೋರ್ಡ್ ಅಂತ ಇದೆ, ಇಲ್ಲಿನ ಮಾಡಿಫಿಕೇಷನ್ ಮಾಡೋರಿಗೆಲ್ಲ ಅದು ಯಮಧರ್ಮ ಇದ್ದಂಗೆ. ಅದನ್ನ 1967ರಲ್ಲಿ ಸಹಿ ಹಾಕಿ ಹುಟ್ಟಿಸಿದ ಗವರ್ನರ್ ರೊನಾಲ್ಡ್ ರೇಗನ್! ಇಡೀ ದೇಶಕ್ಕೆ ಇಪಿಎ ಅನ್ನೋ ಪರಿಸರ ಸಂಸ್ಥೆ ತಂದಿದ್ದು, 1970ರ ಕ್ಲೀನ್ ಏರ್ ಆಕ್ಟ್‌ಗೆ ಸಹಿ ಹಾಕಿದ್ದು ನಿಕ್ಸನ್. ಗಂಟೆಗೆ 55 ಮೈಲಿ ಅಂತ ದೇಶಕ್ಕೆಲ್ಲ ಲಗಾಮು ಹಾಕಿದ್ದೂ ನಿಕ್ಸನ್ನೇ, 1974ರಲ್ಲಿ, ತೈಲದ ಬರ ಬಂದಾಗ. ಆ ಲಗಾಮನ್ನ 1995ರಲ್ಲಿ ಪೂರ್ತಿ ತೆಗೆದ ಮಸೂದೆಗೆ ಸಹಿ ಹಾಕಿದ್ದು ಕ್ಲಿಂಟನ್. ಜಪಾನಿನ ಸ್ಕೈಲೈನ್ ಕಾರು ತರ್ಬೇಕು ಅಂದ್ರೆ ಅದಕ್ಕೆ 25 ವರ್ಷ ಆಗೋವರ್ಗೂ ಕಾಯಬೇಕು ಅಂತ ನನ್ನಂಥೋರ ಯೌವನ ಹಾಳು ಮಾಡಿದ ಕಾನೂನು 1988ದು, ಆವಾಗ ಪ್ರೆಸಿಡೆಂಟ್ ಮತ್ತೆ ರೇಗನ್. ಹೊರಗಿಂದ ಸೀದಾ ಕಾರು ತರಿಸ್ಕೊಳ್ಳೋರು ಜಾಸ್ತಿ ಆದ್ರು ಅಂತ ಮರ್ಸಿಡಿಸ್ ಮತ್ತೆ ಅದರ ಡೀಲರ್‌ಗಳು ಲಾಬಿ ಮಾಡಿಸಿದ ಕಾನೂನು ಅದು. ಫ್ರೀ ಮಾರ್ಕೆಟ್ಟು ಅಂದ್ರೆ ಇದೇ ನೋಡಿ.

ಯಾಕೆ ಹಂಗಾಯ್ತು? ಆಗಿನ ಲಾಸ್ ಏಂಜಲೀಸ್ ಗಾಳಿ ಹಂಗಿತ್ತು. 1943ರಲ್ಲಿ ಮೊದಲ ಸಲ ದಟ್ಟ ಹೊಗೆ ಕವಿದಾಗ ಜನ ಜಪಾನಿನೋರು ವಿಷಗಾಳಿ ಬಿಟ್ರು ಅಂದ್ಕೊಂಡಿದ್ರಂತೆ. ಐವತ್ತರ ದಶಕದಲ್ಲಿ ಹಾಗನ್-ಸ್ಮಿಟ್ ಅನ್ನೋ ಕೆಮಿಸ್ಟ್ರಿ ಪ್ರೊಫೆಸರ್ ಇದು ಕಾರಿನ ಹೊಗೆ ಬಿಸಿಲಿಗೆ ಬೆಂದು ಆಗೋದು ಅಂತ ತೋರಿಸಿದ್ರು. ಕಣ್ಣು ಉರಿಯೋವಾಗ ಯಾರೂ ಎಡ ಬಲ ನೋಡಲ್ಲ.

ಕಾರ್ ಪ್ರೇಮಿಗಳಿಗೆ ಒಂದು ಕಹಿ ಮಾತು. ಎಪ್ಪತ್ತರ ದಶಕದ ರೂಲ್ಸ್ ಬಂದಾಗ ದೊಡ್ಡ ವಿ8, ಅಂದ್ರೆ ಎಂಟು ಸಿಲಿಂಡರ್ ಎಂಜಿನ್‌ಗಳೆಲ್ಲ ಬಡಕಲಾದ್ವು, ಅದು ನಿಜ, ಆ ಕಾರುಗಳು ನೋಡೋಕೂ ಆಗಲ್ಲ. ಆದ್ರೆ ಆ ಒತ್ತಡ ಇಲ್ದಿದ್ರೆ ಫ್ಯುಯೆಲ್ ಇಂಜೆಕ್ಷನ್ನು, ಆಕ್ಸಿಜನ್ ಸೆನ್ಸರ್ರು ಇಷ್ಟು ಬೇಗ ಮನೆಮನೆ ಕಾರಿಗೆ ಬರ್ತಿರ್ಲಿಲ್ಲ. ಇವತ್ತು ಚಳೀಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಆ ಹಳೇ ವಿ8ಗಿಂತ ಜಾಸ್ತಿ ಪವರ್ ಕೊಡೋ ಎರಡು ಲೀಟರ್ ಎಂಜಿನ್ ಇದೆಯಲ್ಲ, ಅದರ ತಾಯಿ ಆ ರೂಲ್ಸೇ.

ಹಂಗಂತ ನಾನು ಸಂತ ಏನಲ್ಲ. ನನ್ ಹತ್ರ 1991ರ ಮಾಜ್ದಾ ಮಿಯಾಟ ಕಾರಿದೆ, ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಅಂತ ಹೊಗೆ ಪರೀಕ್ಷೆ, ಬೋರ್ಡ್ ಒಪ್ಪಿದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಮ್ಮಿ ಮಾಡೋ ಡಬ್ಬಿ) ಇಲ್ಲ ಅಂತ ಹೋದ್ಸಲ ಫೇಲು. ಹೆಸರು ನೋಡಿದ್ರೆ ಗೊತ್ತಾಗುತ್ತೆ. 1975 ಮತ್ತೆ ಅದಕ್ಕಿಂತ ಹಳೇ ಕಾರಿಗೆ ಇಲ್ಲಿ ಚೆಕ್ಕೇ ಇಲ್ಲ. ಹದಿನಾರು ವರ್ಷ ಲೇಟಾಗಿ ಹುಟ್ಟಿದ ತಪ್ಪಿಗೆ ನನ್ ಕಾರು ಸಾವಿರಾರು ಡಾಲರ್ ತಿಂತು.

*

ವಿ8_ಕನಸು, ಬೆಂಗಳೂರು:

ಎಕ್ಸ್‌ಪ್ರೆಸ್‌ವೇ ವಿಷಯ ಬೇರೆ ಮಗಾ, ಅದು ಸೇಫ್ಟಿ. ನೂರರಲ್ಲಿ ಹೋಗೋ ಕಾರ್ ಪಕ್ಕ ನಲವತ್ತರಲ್ಲಿ ಟ್ರ್ಯಾಕ್ಟರ್ ಬಂದ್ರೆ ಸಾಯೋದು ಯಾರು? ಅಮೆರಿಕದ ಕಥೆ ಚೆನ್ನಾಗಿದೆ, ನಂಗೆ ಗೊತ್ತಿರ್ಲಿಲ್ಲ.

*

ಕುಡ್ಲದ_ಅಕ್ಕ:

ವಿ8 ಅವ್ರೇ, ಸಿಕ್ಕಿಬಿದ್ರಿ ಮಾರಾಯ್ರೆ. ನಿಮಗೆ ಬೇಕಾದದ್ದು ಸೇಫ್ಟಿ, ಬೇಡದ್ದು ಸರ್ಕಾರ!

ನಾನು ಆಟೋಕ್ರಾಸ್ ಅಂತ ಕಾರ್ ರೇಸ್ ಓಡಿಸ್ತೇನೆ, ಎಂಟು ವರ್ಷ ಆಯ್ತು. ನಮ್ಮ ಗುಂಪಿನಲ್ಲಿ ಎಲ್ಲರೂ ಕಾರಿನ ಸ್ಟಾರ್ ರೇಟಿಂಗ್ ಹೇಳಿಕೊಂಡು ಎದೆ ಉಬ್ಬಿಸೋದು, ನಂದು ಐದು ಸ್ಟಾರ್ ನಿಂದು ಎಷ್ಟು ಅಂತ. 2014ರಲ್ಲಿ ಕಾರಿನ ಸೇಫ್ಟಿ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಕ್ಯಾಪ್‌ನವರು ಇಲ್ಲಿಯ 5 ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂದಿತ್ತು, ನೆನಪುಂಟಾ? ಆಮೇಲೆ 2019ರಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಯ್ತು, 125 ಸಿಸಿ ದಾಟಿದ ಬೈಕಿಗೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಎಬಿಎಸ್ ಆಯ್ತು, ಆವಾಗ ಇದೇ ಗುಂಪಿನವರು ಬೆಲೆ ಜಾಸ್ತಿ ಆಯ್ತು ಅಂತ ಬೊಬ್ಬೆ ಹೊಡೆದ್ರು. ಎರಡೂ ಅವರೇ. ನಾನೂ ಸೇರಿ ಅಂತ ಇಟ್ಟುಕೊಳ್ಳಿ.

ಸೆಕ್ಷನ್ 52 ಬಗ್ಗೆ ಮಾತ್ರ ನನಗೆ ಸಿಟ್ಟು ಉಂಟು, ಆದರೆ ನಿಮ್ಮ ಕಾರಣಕ್ಕಲ್ಲ. ನನ್ನ ತಮ್ಮನಿಗೆ ಸಣ್ಣದಿರುವಾಗ ಪೋಲಿಯೋ ಆದದ್ದು, ಕಾಲು ಸ್ವಾಧೀನ ಇಲ್ಲ. ಬ್ರೇಕ್, ಆಕ್ಸಿಲರೇಟರ್ ಎರಡೂ ಕೈಗೆ ಬರುವ ಹಾಗೆ ಕಾರಿಗೆ ಲಿವರ್ ಕೂರಿಸಬೇಕು. ಕಾನೂನಿನಲ್ಲಿ ಅಂಗವಿಕಲರಿಗೆ ಅವಕಾಶ ಉಂಟು, ಅಡಾಪ್ಟೆಡ್ ವೆಹಿಕಲ್ ಅಂತ ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಆ ಒಂದು ಗೆರೆ ಬರೆಸಲಿಕ್ಕೆ ಅವನನ್ನು ವೀಲ್‌ಚೇರ್‌ನಲ್ಲಿ ಒಂದು ಆಫೀಸಿಗೆ ನಾಲ್ಕು ಸಲ ಕರ್ಕೊಂಡು ಹೋಗಿದ್ದೇನೆ, ರ‍್ಯಾಂಪ್ ಸಹ ಇಲ್ಲದ ಆಫೀಸು. ಮೂರನೇ ಸಲ ಅಲ್ಲಿಯವರು ಇದು ಮಾಡಿಫಿಕೇಷನ್ ಅಲ್ವಾ, ದಂಡ ಬೀಳ್ತದೆ ಅಂತ ನಮಗೇ ಹೇಳಿದ್ರು. ಅದೇ ದಿವಸ ಆ ಆಫೀಸಿನ ಹೊರಗೆ ಒಂದು ಜೀಪು ನಿಂತಿತ್ತು, ಟಯರ್ ಬಾಡಿಯಿಂದ ಒಂದು ಗೇಣು ಹೊರಗೆ, ಮುಂದೆ ಕಬ್ಬಿಣದ ಬುಲ್‌ಬಾರ್. ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಮತ್ತೆ ಸೈಲೆನ್ಸರ್. ದೊಡ್ಡ ಬೈಕಿಗೂ 80 ಡೆಸಿಬಲ್ ಅಂತ ಮಿತಿ ಉಂಟು. ನಮ್ಮ ಮನೆ ಏರುರಸ್ತೆಯಲ್ಲಿ ಇರೋದು, ರಾತ್ರಿ ಹನ್ನೊಂದಕ್ಕೆ ಸೈಲೆನ್ಸರ್ ಬದಲಾಯಿಸಿದ ಬೈಕು ಹೋದರೆ ಅಪ್ಪ ಎದ್ದು ಕೂತ್ಕೊಳ್ತಾರೆ. ಹಾರ್ಟ್ ಪೇಷಂಟ್. ಅದು ನನ್ನ ಆಟೋಕ್ರಾಸ್ ದೋಸ್ತಿದೇ ಬೈಕು ಅಂತ ಸದ್ದಿನಲ್ಲೇ ನನಗೆ ಗೊತ್ತಾಗ್ತದೆ, ಅಪ್ಪನಿಗೆ ಹೇಳಲಿಲ್ಲ ನಾನು.

*

ಹಳೇ_ಪದ್ಮಿನಿ:

ನಂಗೆ 74 ವರ್ಷ. ಮೊಮ್ಮಗ ಓದಿ ಹೇಳ್ದ, ನಾನ್ ಹೇಳಿದ್ದನ್ನ ಅವನೇ ಟೈಪ್ ಮಾಡ್ತಿದಾನೆ.

ಕಂಟ್ರೋಲು ಕಂಟ್ರೋಲು ಅಂತೀರಲ್ಲ, ಕಂಟ್ರೋಲ್ ಅಂದ್ರೆ ಏನು ಅಂತ ನೀವ್ಯಾರೂ ನೋಡೇ ಇಲ್ಲಪ್ಪ. ಸ್ಕೂಟರ್‌ಗೆ ಬುಕ್ ಮಾಡಿ ವರ್ಷಗಟ್ಲೆ ಕಾಯ್ತಿದ್ವಿ, ಒಂದ್ ಫ್ಯಾಕ್ಟರಿ ವರ್ಷಕ್ಕೆ ಎಷ್ಟು ಗಾಡಿ ಮಾಡ್ಬೋದು ಅಂತ ದೆಹಲಿ ಹೇಳೋದು. ಬುಕಿಂಗ್ ಚೀಟಿನೇ ಜನ ಲಾಭಕ್ಕೆ ಮಾರ್ಕೊಳ್ಳೋರು. ನಮ್ ಬೆಂಗಳೂರಿನ ಸಿಪಾನಿಯೋರು ಎಂಬತ್ತರ ದಶಕದಲ್ಲಿ ಡಾಲ್ಫಿನ್ ಅಂತ ಫೈಬರ್ ಬಾಡಿ ಪುಟಾಣಿ ಕಾರು ಮಾಡಿದ್ರು, ಎರಡೇ ಬಾಗಿಲು, ನೋಡಿದ್ರೆ ಆಟಿಕೆ, ಆದ್ರೆ ಆ ಕಾಲದಲ್ಲಿ ಹೊಸ ಕಾರು ಅಂತ ಒಂದು ರೋಡಿಗೆ ಬಂತಲ್ಲ ಅದೇ ದೊಡ್ಡ ಸುದ್ದಿ. ನಾನ್ ಆವಾಗ ಫ್ಯಾಕ್ಟರಿಗಳಿಗೆ ಈ ಲೈಸೆನ್ಸ್ ಎಲ್ಲಾ ತೆಗೆದು ಹಾಕ್ಲಿ ಅಂತಿದ್ದೆ. ತೆಗೆದ್ರು. ಈಗ ನಮ್ ಬೀದೀಲಿ ನಡೆಯೋಕೆ ಜಾಗ ಇಲ್ಲ, ಇಪ್ಪತ್ತು ಮನೆಗೆ ಮೂವತ್ತು ಕಾರು. ಈಗ ಪಾರ್ಕಿಂಗ್ ರೂಲ್ ತರ್ಲಿ ಅಂತ ನಾನೇ ಕಾರ್ಪೊರೇಷನ್‌ಗೆ ಕಾಗ್ದ ಬರ್ದಿದೀನಿ.

ವಿ8 ಹುಡುಗ, ಮೊಮ್ಮಗ ಹೇಳ್ತಾನೆ ನೀನು ಬೇರೆ ಕಡೆ ನಿನ್ ಎಲೆಕ್ಟ್ರಿಕ್ ಕಾರ್ ಫೋಟೊ ಹಾಕಿದೀಯಂತೆ. 25 ಲಕ್ಷದ ಒಳಗಿಂದಂತೆ. ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ್ಯೇನಪ್ಪ?

*

ವಿ8_ಕನಸು, ಬೆಂಗಳೂರು:

😅 ಇಲ್ಲ ಅಜ್ಜ. ಜಿಎಸ್‌ಟಿನೂ 5% ಅಷ್ಟೆ ಇತ್ತು. ಕ್ಯಾಲ್ಕುಲೇಟರ್ ಇಟ್ಕೊಂಡು ಲೆಕ್ಕ ಹಾಕಿಯೇ ತಗೊಂಡಿದ್ದು. ಸೋತೆ ಬಿಡಿ. ಆದ್ರೆ 4 ಮೀಟರ್ ವಿಷಯದಲ್ಲಿ ನಾನ್ ಹೇಳಿದ್ದು ಸರಿ ಅಂತ ಯಾರಾದ್ರೂ ಒಪ್ಕೊಳ್ರೋ.

*

ಆರೆಕ್ಸ್_ಮದ್ದೂರು:

ಅದು ಒಪ್ತೀನಿ. ಡಿಕ್ಕಿ ಕತ್ತರ್ಸಿದ್ದು ಮಾಪಾಪ.

*

ಯೆಜ್ಡಿ_ಮೈಸೂರು:

ಇಷ್ಟೊಂದ್ ಜನ ಬರೀತೀರಿ ಅಂದ್ಕೊಂಡಿರ್ಲಿಲ್ಲ. ಕುಡ್ಲದ ಅಕ್ಕ ಬರೆದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಾನು ನನ್ನನ್ನ ರೂಲ್ಸ್ ಪರ ಅಂದ್ಕೊಂಡಿದ್ದೆ. ಲೆಕ್ಕ ಹಾಕಿದ್ರೆ ನಾನು ಪರ ಇರೋ ರೂಲ್ಸ್ ಒಂದೂ ನನ್ ಗಾಡಿಗೆ ತಾಗಲ್ಲ. ಬಿಎಸ್6 ಬಂತು, ನನ್ನದು 84ರದ್ದು. ದೆಹಲಿ ನಿಯಮ ಬಂತು, ನಾನ್ ಮೈಸೂರಲ್ಲಿ. 2025ರ ಆಗಸ್ಟಲ್ಲಿ 20 ವರ್ಷ ದಾಟಿದ ಬೈಕಿನ ರಿನ್ಯೂವಲ್ ಫೀಸು 2,000 ಮಾಡಿದಾಗ ಮಾತ್ರ ತಾಗ್ತು, ಆವತ್ತು ನಮ್ ಹಳೇ ಗಾಡಿ ಗ್ರೂಪಲ್ಲಿ ಎಲ್ರಿಗಿಂತ ಜೋರಾಗಿ ಕೂಗಾಡಿದ್ದು ನಾನೇ, ಬಡವರ ಗಾಡಿ ಅದು ಇದು ಅಂತ. ಭಾನುವಾರ ಮಾತ್ರ ಓಡಿಸೋ ಬಡವ. ವಿಂಟೇಜ್ ಅಂತ ಮಾಡ್ಸೋಣ ಅಂದ್ರೆ 2021ರ ರೂಲ್ ಪ್ರಕಾರ 50 ವರ್ಷ ಆಗಿರ್ಬೇಕು, ನಂದು 2034ಕ್ಕೆ. ಆದ್ರೂ ಅದು ಶೋ, ರ‍್ಯಾಲಿಗೆ ಮಾತ್ರ, ಹಾಲು ತರೋಕೆ ಹೋಗಂಗಿಲ್ಲ. ಅದು ಸರಿ ಅನ್ಸುತ್ತೆ, ಅನ್ಸಲ್ಲ, ಎರಡೂ.

ಈ ಭಾನುವಾರ ಗಾಡೀನ ಬೀದಿ ಕೊನೆವರ್ಗೂ ತಳ್ಕೊಂಡ್ ಹೋಗಿ ಮೇನ್ ರೋಡಲ್ಲಿ ಕಿಕ್ ಹೊಡೆದೆ. ಪಕ್ಕದ್ಮನೆ ಕಿಟಕಿ ತೆಗ್ದೇ ಇತ್ತು. ಮೇನ್ ರೋಡಲ್ಲಿರೋ ಮನೆಯೋರ ಕಥೆ ಕೇಳ್ಬೇಡಿ.

ಹುಬ್ಬಳ್ಳಿ ಅಣ್ಣ, ಒಂದ್ ಟೆಕ್ನಿಕಲ್ ಡೌಟು. ಇ20 ಹಾಕಕ್ ಶುರು ಮಾಡಿದ್ಮೇಲೆ ಗಾಡಿ ಏರಲ್ಲಿ ಜಾಸ್ತಿ ಬಿಸಿ ಆಗ್ತಿದೆ, ಪ್ಲಗ್ ತೆಗೆದ್ರೆ ಬೆಳ್ಳಗಿದೆ. ಚಾಮುಂಡಿ ಬೆಟ್ಟ ಹತ್ತೋವಾಗ ಟಕ್ ಟಕ್ ಅಂತ ಹೊಡೆಯುತ್ತೆ. ಏನ್ ಮಾಡ್ಲಿ?

*

ಗ್ಯಾರೇಜ್_ಹುಬ್ಬಳ್ಳಿ:

ಪ್ಲಗ್ ಬೆಳ್ಳಗ ಐತಿ ಅಂದ್ರ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗೈತ್ರಿ, ಎಥನಾಲ್‌ನ್ಯಾಗ ಮೊದಲ ಆಕ್ಸಿಜನ್ ಇರ್ತೈತಿ. ಕಾರ್ಬೊರೇಟರ್‌ನ್ಯಾಗ ಪೆಟ್ರೋಲ್ ಬಿಡೂ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕ್ರಿ, ಒಮ್ಮೆಲೆ ಎರಡು ಏರಸಬ್ಯಾಡ್ರಿ. ಸೈಲೆನ್ಸರ್ ಒಳಗಿನ ಕೊಳವಿ ತಗದು ಇಂಗಾಲ ಸುಡಿಸಿ ಎಷ್ಟು ದಿನ ಆತು? ಅದನ್ನೂ ಮಾಡ್ರಿ, ಹೊಗಿ ಅರ್ಧ ಅಲ್ಲೇ ಕಮ್ಮಿ ಆಗ್ತೈತಿ. ಗಾಡಿ ನಿಲ್ಲಸೂ ಮುಂದ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಖಾಲಿ ಆಗೂತನಕ ಓಡಸ್ರಿ, ಮದ್ದೂರ್ ತಮ್ಮನೂ ಹಂಗ ಮಾಡ್ಲಿ. ಪೆಟ್ರೋಲ್‌ನ್ಯಾಗ ಬೆರಸೂ ಟೂಟಿ ಆಯಿಲ್ ಯಾವುದು ಹಾಕ್ತೀರಿ, ಲೀಟರಿಗೆ ಎಷ್ಟು? ಕೈ ಅಂದಾಜಲೆ ಸುರೀತೀರೇನು?

*

ಯೆಜ್ಡಿ_ಮೈಸೂರು:

ಕೈ ಅಂದಾಜೇ ಅಣ್ಣ. ದೊಡ್ಡಪ್ಪ ಹಂಗೇ ಹಾಕ್ತಿದ್ರು.

*

ಗ್ಯಾರೇಜ್_ಹುಬ್ಬಳ್ಳಿ:

ಮೊದಲ ಒಂದು ಅಳತಿ ಗ್ಲಾಸ್ ತಗೋರಿ.